ಪಾತ್ರೆಯ ಮೈಗೆ ಕಸಿ

ಹಿತ್ತಾಳೆಯ ಪಾತ್ರೆಯಲ್ಲಿ ಹುಣಿಸೆಯ ಹುಳಿ ಕುದಿಯಬೇಕಾದರೆ ಒಳಮೈಗೆ ಕಲಾಯಿ ಇರಬೇಕೆಂಬುದು ನಮ್ಮ ಶಾಂತಿಗ್ರಾಮದ ಗೃಹಿಣಿಯರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅದಿಲ್ಲದಿದ್ದರೆ ತಾಮ್ರಾಂಶವು ಹುಳಿಯಲ್ಲಿ ಕರಗಿ ಉಂಡವರಿಗೆ ವಾಂತಿಯಾಗುವುದು. ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗತಕ್ಕುದಾದುದರಿಂದ, ಬರಿಯ ಪಾತ್ರೆಯನ್ನು ಉರಿಯ ಮೇಲಿಟ್ಟು ಮರೆತರೆ ಕಲಾಯಿಯು ಹೋಯಿತೆಂದೇ ತಿಳಿಯಬೇಕು.

ಈಗಿನ ಅಂಟದ ಕಾವಲಿಗಳಿಗೆ ಬಹುಮಟ್ಟಿಗೆ ಬಳಿಯುವ ಲೇಪವು ಟೆಫ್ಲಾನ್; 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಜ್ಞರಿಗೆ ಅಕಸ್ಮಾತ್ತಾಗಿ ದೊರೆತ ವಸ್ತು. ಯಾವುದಕ್ಕೂ ಅಂಟದ ಈ ವಸ್ತುವು ಕಾವಲಿಗೆ ಮಾತ್ರ ಅಂಟಿದುದು ಹೇಗೆ? ಲೋಹದ ಮೈಯನ್ನು ಮೊದಲು ತರಿತರಿಯಾಗಿಸಿ, ಆ ಕುಳಿಗಳಲ್ಲಿ ಲೇಪವು ಕಚ್ಚಿಕೊಳ್ಳುವಂತೆ ಮಾಡುತ್ತಾರೆ. ಇದು ಹಿಡಿತವೇ ಹೊರತು ಬೆಸುಗೆಯಲ್ಲ. ಕಬ್ಬಿಣದ ಸಟ್ಟುಗವು ಗೀರಿದರೆ ಲೇಪವು ಏಳುವುದು. ಬರಿದೆ ವಿಪರೀತವಾಗಿ ಕಾದರೆ ಹೊರಡುವ ಹೊಗೆಯು ಪಂಜರದ ಹಕ್ಕಿಗಳಿಗೆ ಪ್ರಾಣಾಂತಿಕ.

ನಿಜವಾದ ಕಸಿಯು ಬೇರೆ. ಅಲ್ಲಿ ಉದ್ದವಾದ ಅಣುಸರಪಳಿಯ ಒಂದು ತುದಿಯು ಅಡಿಯ ವಸ್ತುವಿನೊಡನೆ ರಾಸಾಯನಿಕ ಬಂಧದಿಂದ ಕೂಡಿರುತ್ತದೆ. ಉಳಿದ ಭಾಗವು ಗದ್ದೆಯ ಪೈರಿನಂತೆ ನಿಲ್ಲುತ್ತದೆ. ಮಾವಿನ ಕಸಿಯನ್ನು ಕಂಡವರಿಗೆ ಭೇದವು ಸುಲಭವಾಗಿ ತಿಳಿದೀತು. ಕೃತಕ ಸೊಂಟದ ಕೀಲಿನ ಬಟ್ಟಲಿಗೆ ಹೀಗೆ ಕಸಿಮಾಡುವ ವಿಧಾನಕ್ಕೆ ಜಪಾನಿನಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಅದರ ದಪ್ಪ ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಆದರೂ ನೀರನ್ನು ಹಿಡಿದಿಟ್ಟು ಕೀಲು ಜಾರುವಂತೆ ಮಾಡುವುದು. ಸವೆದ ಪುಡಿಯೇ ಎಲುಬನ್ನು ಕರಗಿಸಿ ಕೀಲನ್ನು ಸಡಿಲಿಸತಕ್ಕುದು. ಅದನ್ನು ತಡೆಯುವುದೇ ಈ ಕಸಿಯ ಉದ್ದೇಶ.