ಮೂಗಿಗಿಂತ ಮೂಗುತಿ ಭಾರ

ಕಾಲೇಜಿಗೆ ಹೋಗುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಅಣ್ಣನು ಬಳಸಿದ ಲ್ಯಾಪ್‌ಟಾಪ್ ಗಣಕಯಂತ್ರವು ತಮ್ಮನಿಗೆ ಬರುವುದುಂಟು. ಯಂತ್ರದೊಡನೆ ಅದರ ಎರಡು, ಎರಡೂವರೆ ಕಿಲೋಗ್ರಾಂ ಭಾರವೂ ಅವನ ಹೆಗಲನ್ನೇರುವುದು. ಇದನ್ನು ಬಿಚ್ಚಿ, ಬೇಡದ ಭಾಗಗಳನ್ನು ತೆಗೆದು ಹಗುರಮಾಡಬಾರದೇಕೆಂದು ಹುಡುಗರು ಕೇಳುವುದು ಸಹಜ. ಮಾಡಬಹುದು, ಆದರೆ ಯಾವುದನ್ನು ತೆಗೆಯಬಹುದು, ಯಾವುದನ್ನು ಮುಟ್ಟಕೂಡದು ಎಂಬ ವಿವೇಕವು ತಿರುಪುಳಿಗಿಂತ ಮೊದಲು ಕೈಗೆ ಬರಬೇಕು.

ಈ ಯತ್ನವೇನೂ ಹೊಸದಲ್ಲ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್‌ಬಾರ್ನ್ 1 ಎಂಬ ಒಯ್ಯುವ ಗಣಕವು ಸುಮಾರು 11 ಕಿಲೋಗ್ರಾಂ ತೂಗುತ್ತಿದ್ದಿತು. 2008ರಲ್ಲಿ ಆಪಲ್ ಸಂಸ್ಥೆಯು ಹೊರತಂದ ಮ್ಯಾಕ್‌ಬುಕ್ ಏರ್ ಯಂತ್ರದ ತೂಕ 1.36 ಕಿಲೋಗ್ರಾಂ ಮಾತ್ರ. ಅದರಲ್ಲಿ ಡಿವಿಡಿ ಡ್ರೈವನ್ನು ಬಿಟ್ಟುದೇ ಈ ಹಗುರಕ್ಕೆ ಒಂದು ಕಾರಣ.

ನಮ್ಮ ಹಳೆಯ ಯಂತ್ರಗಳಲ್ಲಿಯೂ ಮೊದಲು ತೆಗೆಯತಕ್ಕದ್ದು ಅದನ್ನೇ. ಅದು ಸುಮಾರು 150 ಗ್ರಾಂ ಇರುವುದು. ಅನೇಕ ಯಂತ್ರಗಳಲ್ಲಿ ಒಂದು ತಿರುಪುಮೊಳೆಯನ್ನು ಬಿಚ್ಚಿದರೆ ಹೊರಕ್ಕೆ ಜಾರುವುದು. ತೆರವಾದ ಬಾಯಿಗೆ ತಕ್ಕ ಮುಚ್ಚಳವನ್ನು ಹಾಕಬೇಕು. ಇಲ್ಲವಾದರೆ ಧೂಳು ಸೇರುವುದು. ಎರಡನೆಯದು ಹಾರ್ಡ್ ಡಿಸ್ಕು. ಸುಮಾರು 100 ಗ್ರಾಂ ತೂಗುವ ಇದನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿದರೆ ಭಾರವು ಅರ್ಧವಾಗುವುದಲ್ಲದೆ ಯಂತ್ರವು ಚುರುಕಾಗುವುದು. ಒಳಗಿರುವ ಬರಹ, ಚಿತ್ರಗಳನ್ನು ಮೊದಲೇ ಬೇರೆಡೆ ನಕಲು ಮಾಡಿಡಬೇಕು.

ಬಿಚ್ಚುವ ಮುನ್ನ ಯಂತ್ರವನ್ನು ಆರಿಸಿ ಚಾರ್ಜರನ್ನು ಕಳಚತಕ್ಕದ್ದು. ಬ್ಯಾಟರಿಯು ಹೊರಗಿನಿಂದಲೇ ಕಳಚುವಂಥದಾದರೆ ಅದನ್ನೂ ತೆಗೆದಿಡತಕ್ಕದ್ದು. ಕಾಗದದ ಮೇಲೆ ಯಂತ್ರದ ನಕ್ಷೆಯನ್ನು ಬರೆದು, ಪ್ರತಿಯೊಂದು ಮೊಳೆಯನ್ನೂ ಅದರ ಸ್ಥಾನದಲ್ಲಿಯೇ ಅಂಟಿಸಿಡಿರಿ. ಗಿಡ್ಡ ಮೊಳೆಯ ರಂಧ್ರಕ್ಕೆ ಉದ್ದ ಮೊಳೆಯನ್ನು ತಿರುಗಿಸಿದರೆ ಅದು ಒಳಗಿನ ವಿದ್ಯುತ್ ಹಲಗೆಯನ್ನು ಚುಚ್ಚೀತು. ಬೀಸಣಿಗೆಯನ್ನೂ ತಾಮ್ರದ ಕೊಳವೆಯನ್ನೂ ತೆಗೆಯಕೂಡದು. ಯಂತ್ರದ ಕಾವನ್ನು ಹೊರಹಾಕುವುವು ಅವೇ.

ಎಲ್ಲಕ್ಕಿಂತ ಮುಖ್ಯವಾದುದು ಬ್ಯಾಟರಿಯ ವಿಚಾರ. ಅದರ ಕವಚವನ್ನು ಸೀಳಿ, ಒಳಗಿನ ಕೋಶಗಳಲ್ಲಿ ಒಂದೆರಡನ್ನು ತೆಗೆದರೆ ಭಾರವಿಳಿಯುವುದೆಂಬ ದುರ್ಬುದ್ಧಿ ಯಾರಿಗೂ ಬಾರದಿರಲಿ. ಲಿಥಿಯಂ ಕೋಶವು ಚುಚ್ಚಿಹೋದರೆ ಒಳಗೆ ವಿದ್ಯುತ್ತು ಅಡ್ಡಹಾಯ್ದು ಕಾವೇರುವುದು. ಅದರೊಳಗಿನ ದ್ರವವು ಉರಿಯುವ ಗುಣದ್ದು. ಕ್ಷಣಮಾತ್ರದಲ್ಲಿ ಬೆಂಕಿಯೆದ್ದೀತು. ಉಬ್ಬಿದ ಬ್ಯಾಟರಿಯನ್ನು ಒತ್ತಲೂ ಬಾರದು, ಕಸದ ಬುಟ್ಟಿಗೆ ಹಾಕಲೂ ಬಾರದು. ಬಲ್ಲ ದುರಸ್ತಿಗಾರನ ಕೈಗೆ ಒಪ್ಪಿಸತಕ್ಕದ್ದು.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ಭಾರವೆಷ್ಟು? ಸುಮಾರು 200 ಗ್ರಾಂ. ಆದುದರಿಂದ ತಿರುಪುಳಿಯನ್ನು ಹಿಡಿಯುವ ಮೊದಲು ಮಗನ ಚೀಲವನ್ನು ಬರಿದುಮಾಡಿ, ಒಂದೊಂದನ್ನೂ ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿರಿ. ತಂತಿಸಹಿತವಾದ ಚಾರ್ಜರೊಂದೇ 300 ಗ್ರಾಮಿನಷ್ಟು ತೂಗೀತು. ತುಂಬಿದ ಒಂದು ಲೀಟರಿನ ನೀರಿನ ಸೀಸೆಯು ಒಂದು ಕಿಲೋಗ್ರಾಮಿಗೂ ಮಿಗಿಲು. ಆ ದಿನ ಬೇಕಿಲ್ಲದ ದಪ್ಪ ಪುಸ್ತಕಗಳು ಬೇರೆ. ಕಾಲೇಜಿನಲ್ಲಿ ಒಳ್ಳೆಯ ನೀರು ದೊರೆಯುವುದಾದರೆ ಸೀಸೆಯನ್ನು ಬರಿದಾಗಿ ಒಯ್ಯಬಹುದು. ಬ್ಯಾಟರಿಯು ದಿನದ ಕೆಲಸಕ್ಕೆ ಸಾಕಾಗುವುದಾದರೆ ಚಾರ್ಜರು ಮನೆಯಲ್ಲಿಯೇ ಇರಲಿ. ಒಂದು ಮೊಳೆಯನ್ನೂ ಬಿಚ್ಚದೆ ಮಗುವಿನ ಹೆಗಲು ಹಗುರಾಗುವುದು.