‘ನಿಯಂತ್ರಣ ತಪ್ಪಿ’ ಎಂದು ಬರೆಯುವ ಮೊದಲು ಹ್ಯಾಂಡಲ್ ನೋಡಿ

‘ಸವಾರನ ನಿಯಂತ್ರಣ ತಪ್ಪಿ ಬೈಕ್ ಪಲ್ಟಿ.’ ಈ ಸಾಲನ್ನು ನಾವೆಲ್ಲರೂ ಬರೆದಿದ್ದೇವೆ. ಡೆಸ್ಕಿನಲ್ಲಿ ಕೂತವರೂ ಬರೆದಿದ್ದೇವೆ, ತಾಲೂಕಿನಿಂದ ವಾಟ್ಸಾಪಿನಲ್ಲಿ ಸುದ್ದಿ ಕಳಿಸುವವರೂ ಬರೆದಿದ್ದೇವೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ತರಗತಿಯಲ್ಲಿ ಉರು ಹೊಡೆದು ಬಂದವರು ನಾವು. ಬೈಕು ಬಿದ್ದ ಸುದ್ದಿ ಬಂದಾಗ ಮಾತ್ರ ಕೊನೆಯ ಎರಡನ್ನು ನುಂಗಿಬಿಡುತ್ತೇವೆ. ತಪ್ಪಿದ್ದು ಯಾವ ನಿಯಂತ್ರಣ? ಬ್ರೇಕೋ, ಕ್ಲಚ್ಚೋ, ಎಕ್ಸಲೇಟರೋ, ಹ್ಯಾಂಡಲ್ಲೋ? ನಾವು ಕೇಳುವುದಿಲ್ಲ.

ನಮ್ಮ ಬಳಗದ ಗೆಳೆಯನೊಬ್ಬನ ಅಪ್ಪ ಬೀಳುವವರೆಗೆ ಇದು ತಪ್ಪು ಅಂತಲೂ ನಮಗೆ ಅನ್ನಿಸಿರಲಿಲ್ಲ. ಅವರದು ಹದಿನೆಂಟು ವರ್ಷ ಹಳೆಯ ನೂರು ಸಿಸಿ ಬೈಕು. ದಿನಾ ಬೆಳಗ್ಗೆ ಹ್ಯಾಂಡಲ್‌ಗೂ ಒಂದು ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೇರಿಗೆ ಹೋಗುತ್ತಿದ್ದರು. ಮಳೆಗಾಲದಲ್ಲೊಮ್ಮೆ ಕಾಲುವೆ ಏರಿಯ ಮೇಲೆ ಜಾರಿ ಬಿದ್ದರು. ಮೈಗೆ ಏನೂ ಆಗಲಿಲ್ಲ, ಹ್ಯಾಂಡಲ್ ಬಗ್ಗಿತು. ಗ್ಯಾರೇಜಿನಲ್ಲಿ ಪೈಪು ತೂರಿಸಿ ಬೆಂಡ್ ತೆಗೆದುಕೊಟ್ಟರು. ಎರಡು ತಿಂಗಳ ಮೇಲೆ ಹಂಪ್ ಹಾರಿಸುವಾಗ ಅದೇ ಹ್ಯಾಂಡಲ್ ಕ್ಲಾಂಪಿನ ಪಕ್ಕದಲ್ಲಿ ಮುರಿದು ಕೈಗೆ ಬಂತು. ಕೊರಳೆಲುಬು ಮುರಿಯಿತು. ಮರುದಿನ ಬಂದ ಸುದ್ದಿಯಲ್ಲಿ ಇದ್ದದ್ದು ಅದೇ ಎರಡು ಪದ: ನಿಯಂತ್ರಣ ತಪ್ಪಿ.

ಬೇಲಿ ಕಟ್ಟುವಾಗ ಕಟರ್ ಇಲ್ಲದಿದ್ದರೆ ತಂತಿಯನ್ನು ಹೇಗೆ ತುಂಡು ಮಾಡುತ್ತೇವೆ? ಅತ್ತ ಒಮ್ಮೆ ಇತ್ತ ಒಮ್ಮೆ ಬಗ್ಗಿಸುತ್ತೇವೆ. ಬೆಂಡ್ ತೆಗೆಸುವುದೂ ಅದೇ ಕೆಲಸ. ಹ್ಯಾಂಡಲ್ ಒಂದು ಟೊಳ್ಳು ಉಕ್ಕಿನ ಕೊಳವೆ. ಬಗ್ಗಿದ ಜಾಗದಲ್ಲಿ ಲೋಹ ಆಗಲೇ ದಣಿದಿರುತ್ತದೆ, ನೆಟ್ಟಗೆ ಮಾಡಿದಾಗ ಇನ್ನಷ್ಟು ದಣಿಯುತ್ತದೆ. ಮೇಲಿನ ಕ್ರೋಮ್ ಹೊಳೆಯುತ್ತಲೇ ಇರುತ್ತದೆ, ಒಳಗಿನ ಬಿರುಕು ಕಾಣುವುದಿಲ್ಲ. ಬಗ್ಗಿದ ಹ್ಯಾಂಡಲ್ಲನ್ನು ಬದಲಿಸಬೇಕು. ಬೇರೆ ದಾರಿ ಇಲ್ಲ.

‘ದುಡ್ಡೆಲ್ಲಿದೆ?’ ಅನ್ನುತ್ತಾರೆ. ಸಾದಾ ಹ್ಯಾಂಡಲ್ಲಿಗೆ ಕೆಲವು ನೂರು ರೂಪಾಯಿ. ಮದುವೆ ಮನೆಯಲ್ಲಿ ಕೊಡುವ ಮುಯ್ಯಿಯಷ್ಟು. ಅದೇ ಮನೆಯ ಹುಡುಗ ಕಿವಿ ಕಿತ್ತುಹೋಗುವ ಸೈಲೆನ್ಸರಿಗೆ, ಕಣ್ಣು ಕುಕ್ಕುವ ಎಲ್‌ಇಡಿಗೆ ಸಾವಿರಗಟ್ಟಲೆ ಸುರಿದಿರುತ್ತಾನೆ. ಇನ್ನು ಕೆಲವರು ಹ್ಯಾಂಡಲ್ ಬದಲಿಸುವುದೇ ಸ್ಟೈಲಿಗೆ. ಗಿಡ್ಡ ಹ್ಯಾಂಡಲ್, ಎತ್ತರದ ಹ್ಯಾಂಡಲ್, ಕನ್ನಡಿ ಕಿತ್ತ ಹ್ಯಾಂಡಲ್. ಕಂಪನಿ ಕೊಟ್ಟ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಕಾನೂನು ಹಾಗಿರಲಿ, ಎತ್ತರದ ಹ್ಯಾಂಡಲ್ಲಿಗೆ ಹಳೇ ಕೇಬಲ್ ಸಾಲುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಎಂಜಿನ್ ತಾನಾಗಿ ರೇಸ್ ಆದರೆ ಎಕ್ಸಲೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ. ಸಂತೆಬೀದಿಯ ತಿರುವಿನಲ್ಲಿ ಗಾಡಿ ತಾನೇ ಮುನ್ನುಗ್ಗಿದರೆ ಯಾರನ್ನು ದೂರುವುದು?

ಮೆಕ್ಯಾನಿಕ್‌ಗಳನ್ನಷ್ಟೇ ಬೈದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ‘ಹೊಸದು ಹಾಕ್ಲಾ ಅಣ್ಣಾ?’ ಎಂದು ಅವರು ಕೇಳಿದರೆ ‘ಬೆಂಡ್ ತೆಗೆದುಕೊಡು, ಸಾಕು’ ಅನ್ನುವವರು ನಾವೇ. ಆಯಿಲ್ ಬದಲಿಸಿ ನೀರು ಹೊಡೆದುಕೊಟ್ಟರೆ ಸರ್ವಿಸ್ ಆಯಿತು ಎಂದು ನಂಬುವವರೂ ನಾವೇ. ಹಾಗಾಗಿ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಕೇಳಬೇಕಾದದ್ದನ್ನು ಇಲ್ಲಿ ಹೇಳುತ್ತೇವೆ.

ಹೊಸ ಹ್ಯಾಂಡಲ್ ಹಳೆಯದರ ಅಳತೆಯದ್ದೇ ಇರಲಿ. ಅದರ ಮೇಲೆ ಚುಕ್ಕೆ ಗುರುತಿದ್ದರೆ ಕ್ಲಾಂಪ್ ಕೂಡುವ ಗೆರೆಗೆ ಸರಿಯಾಗಿ ಕೂರಬೇಕು. ಬೋಲ್ಟುಗಳೆಲ್ಲ ಬಿಗಿಯಾದ ಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ತಾಗದಂತೆ, ಕೇಬಲ್ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಲಿವರಿನ ಬೋಲ್ಟ್ ಬಿಚ್ಚಿ, ಮಣ್ಣು ಒರೆಸಿ, ಒಂದು ಚಿಟಿಕೆ ಗ್ರೀಸ್ ಹಾಕಿಸಿ. ಕ್ಲಚ್ ಕೇಬಲ್ ತುದಿಯ ಗುಂಡಿನ ಹತ್ತಿರ ಒಂದೇ ಒಂದು ಎಳೆ ಬಿಟ್ಟಿದ್ದರೂ ಬದಲಿಸಿ. ಅದು ಕಟ್ಟಾಗುವುದು ಊರಾಚೆ, ಕತ್ತಲಲ್ಲೇ. ಗಟ್ಟಿಯಾಗಿರುವ ಕೇಬಲ್ಲಿಗೆ ಮೇಲಿನ ತುದಿಯಿಂದ ಹನಿಹನಿಯಾಗಿ ಎಣ್ಣೆ ಬಿಡಿ, ಕೆಳಗಿನ ತುದಿಯಲ್ಲಿ ಒಸರುವ ತನಕ. ಮುಂದಿನ ಬ್ರೇಕಿನ ಕೇಬಲ್ಲಾದರೆ ಮೊದಲು ಕೆಳತುದಿಯನ್ನು ಡ್ರಮ್ಮಿನಿಂದ ಬಿಡಿಸಿ. ಬ್ರೇಕ್ ಶೂಗೆ ಎಣ್ಣೆ ತಾಗಿದರೆ ಮಾಡಿದ ಉಪಕಾರವೇ ಅಪಕಾರವಾಗುತ್ತದೆ. ಕೊನೆಗೆ ಎಕ್ಸಲೇಟರ್ ತಿರುಗಿಸಿ ಕೈ ಬಿಡಿ. ಅದು ಟಪ್ಪೆಂದು ತಾನಾಗಿ ಹಿಂದಕ್ಕೆ ಬರಬೇಕು. ನಿಧಾನಕ್ಕೆ ಬಂದರೂ, ಅರ್ಧದಲ್ಲಿ ನಿಂತರೂ ಗಾಡಿ ಹೊರಗೆ ತೆಗೆಯಬೇಡಿ.

ಇಷ್ಟಕ್ಕೆ ಒಂದು ಬೆಳಗ್ಗೆ ಸಾಕು. ಆದರೆ ಹಳ್ಳಿಯ ಬೈಕು ಬಿದ್ದಾಗಲೆಲ್ಲ ಪೇಟೆಯವರು ‘ಹಳೇ ಗಾಡಿಗಳನ್ನು ಗುಜರಿಗೆ ಹಾಕಿ’ ಅನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಮೈಸೂರಿನ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ತಯಾರಿಕೆ 1996ಕ್ಕೇ ನಿಂತಿತು. ಅಲ್ಲಿಂದ ಹೊರಬಂದ ಗಾಡಿಗಳು ಇಂದಿಗೂ ರಸ್ತೆಯಲ್ಲಿವೆ, ಯಾಕೆಂದರೆ ಅವುಗಳ ಒಡೆಯರು ಕೇಬಲ್ಲಿನ ತುದಿಯನ್ನೂ ನೋಡುತ್ತಾರೆ. ವಯಸ್ಸಾದದ್ದು ಅಪಾಯವಲ್ಲ, ಗಮನ ತಪ್ಪಿದ್ದು ಅಪಾಯ. ಹೊಸ ಗಾಡಿಯ ಕಂತು ಕಟ್ಟಲಾಗದ ರೈತನಿಗೆ ಗುಜರಿಯ ದಾರಿ ತೋರಿಸುವುದು ಸುಲಭ. ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸುವ ಮುನ್ನ ತಪಾಸಣೆ ಆಗಬೇಕು ಎಂಬ ನಿಯಮ ಇದ್ದೇ ಇದೆ. ಗೆಳೆಯನ ಅಪ್ಪನ ಬೈಕಿಗೂ ಆಗಿತ್ತು. ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಬ್ರೇಕ್ ಲಿವರನ್ನು ಒಮ್ಮೆಯೂ ಯಾರೂ ಒತ್ತಲಿಲ್ಲ. ಗುಜರಿಯ ಮಾತಾಡುವವರು ಮೊದಲು ಆ ಲಿವರ್ ಒತ್ತಿಸಲಿ.

ನಮ್ಮ ಪಾಲಿನದ್ದನ್ನು ನಾವು ಮಾಡುತ್ತೇವೆ. ಇನ್ನು ಮುಂದೆ ಬೈಕು ಬಿದ್ದ ಸುದ್ದಿ ಬಂದರೆ ಹ್ಯಾಂಡಲ್ ಹೇಗಿತ್ತು, ಕೇಬಲ್ ಹೇಗಿತ್ತು ಎಂದು ಕೇಳಿಯೇ ಬರೆಯುತ್ತೇವೆ. ಉತ್ತರ ಸಿಗದಿದ್ದರೆ ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆಯುತ್ತೇವೆ, ಬಿದ್ದವನ ತಲೆಗೆ ಕಟ್ಟುವುದಿಲ್ಲ. ಗೆಳೆಯನ ಅಪ್ಪ ಈಗ ಮತ್ತೆ ಡೇರಿಗೆ ಹೋಗುತ್ತಿದ್ದಾರೆ, ಅದೇ ಬೈಕಿನಲ್ಲಿ. ಹ್ಯಾಂಡಲ್ ಹೊಸದು, ಮೂರೂ ಕೇಬಲ್ ಹೊಸವು. ಕ್ಯಾನುಗಳನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿಸಿದ್ದೇವೆ. ನಾಳೆ ಬೆಳಗ್ಗೆ ನಿಮ್ಮ ಮನೆಯಿಂದ ಹೊರಡುವ ಹಳೇ ಗಾಡಿಯ ಎಕ್ಸಲೇಟರನ್ನು ಒಮ್ಮೆ ತಿರುಗಿಸಿ ಕೈ ಬಿಟ್ಟು ನೋಡಿ.