ನಾಯಕನ ಸಿಟ್ಟು, ನಾಯಕಿಯ 'ಬೇಡ'

ಗೆಳತಿಯೊಬ್ಬರು ಬಹಳ ಹೊಗಳಿ ಕೊಟ್ಟ ಪ್ರೇಮ ಕಾದಂಬರಿಯೊಂದನ್ನು ಮೊನ್ನೆ ಓದಿ ಮುಗಿಸಿದೆ. ಅದರ ಹೆಸರು ಬೇಡ ಬಿಡಿ. ಬೇರೆ ಬೇರೆ ಹೆಸರಿನಲ್ಲಿ ನೀವೂ ಅದನ್ನು ಹತ್ತು ಸಲ ಓದಿರುತ್ತೀರಿ. ನಾಯಕ ಆಗರ್ಭ ಶ್ರೀಮಂತ, ಮಹಾ ಸಿಡುಕ. ನಾಯಕಿ ಬಡ ಶಾಲಾ ಶಿಕ್ಷಕಿ, ಸ್ವಾಭಿಮಾನಿ. ಮೊದಲ ಭೇಟಿಯಲ್ಲೇ ಜಗಳ. ಆಮೇಲೆ ಒಂದು ಮಳೆ, ಒಂದು ಜ್ವರ, ಒಂದು ತಪ್ಪು ತಿಳುವಳಿಕೆ. 'ಆಕೆ ನನ್ನ ತಂಗಿ' ಎಂದು ನಾಯಕ ಬಾಯಿಬಿಟ್ಟಿದ್ದರೆ ಅಲ್ಲಿಗೇ ತೀರುತ್ತಿದ್ದ ಸಂಗತಿಯನ್ನು ತೊಂಬತ್ತು ಪುಟ ಎಳೆಯಲಾಗಿದೆ. ಕೊನೆಗೆ ಮದುವೆ.

ಈ ಅಚ್ಚು ಹೊಸದೇನಲ್ಲ. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಮೊದಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು. 1930ರ ದಶಕದಲ್ಲಿ ಪ್ರೇಮ ಕಾದಂಬರಿಗಳತ್ತ ಹೊರಳಿದ ಮೇಲೆ ಅದು ಹಿಂತಿರುಗಿ ನೋಡಲಿಲ್ಲ. 2008ರಲ್ಲಿ ಭಾರತಕ್ಕೂ ನೇರವಾಗಿ ಬಂತು. ದಿನವಿಡೀ ದುಡಿದು ದಣಿದವಳಿಗೆ ಸುಖಾಂತ್ಯದ ಖಾತರಿಯಿರುವ ಪುಸ್ತಕ ಒಂದಿಷ್ಟು ನೆಮ್ಮದಿ ಕೊಡುತ್ತದೆ. ಅದನ್ನು ಹಂಗಿಸುವುದು ತರವಲ್ಲ.

ಕೊನೆ ಮೊದಲೇ ಗೊತ್ತಾಗುವುದು ದೋಷವೂ ಅಲ್ಲ. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರಿಜುಡಿಸ್'ನಲ್ಲೂ ಸಿರಿವಂತ ಗರ್ವಿಷ್ಠ ಡಾರ್ಸಿಯನ್ನೇ ಎಲಿಜಬೆತ್ ಮದುವೆಯಾಗುತ್ತಾಳೆಂದು ಯಾರೂ ಊಹಿಸಬಹುದು. ಆದರೆ ಅಲ್ಲಿ ಪಣಕ್ಕಿಟ್ಟದ್ದು ಎಷ್ಟೊಂದು! ಮನೆಯಲ್ಲಿ ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ತಂದೆ ಕಣ್ಮುಚ್ಚಿದರೆ ಆಸ್ತಿಯೆಲ್ಲ ಸಂಬಂಧಿ ಕಾಲಿನ್ಸ್‌ನ ಪಾಲು. ಅದೇ ಕಾಲಿನ್ಸ್ ಕೈ ಕೇಳಿದಾಗ ಎಲಿಜಬೆತ್ 'ಬೇಡ' ಎನ್ನುತ್ತಾಳೆ. ಆತ ನಂಬುವುದೇ ಇಲ್ಲ. ಹೆಣ್ಣುಮಕ್ಕಳು ಮೊದಲು ಬೇಡವೆನ್ನುವುದು ವಾಡಿಕೆ, ಮನಸ್ಸಿನಲ್ಲಿ ಒಪ್ಪಿಗೆಯೇ ಇರುತ್ತದೆ ಎಂದು ಅವಳಿಗೇ ವಿವರಿಸುತ್ತಾನೆ. ಓದುವವರಿಗೆ ನಗು ತಡೆಯಲಾಗದು. ಡಾರ್ಸಿಗೂ ಆಕೆ ಮೊದಲು ಹೇಳುವುದು 'ಬೇಡ' ಎಂದೇ. ಆತ ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳುತ್ತಾನೆ, ತನ್ನ ನಡತೆಯನ್ನು ತಿದ್ದಿಕೊಳ್ಳುತ್ತಾನೆ.

ಇನ್ನೂರು ವರ್ಷಗಳ ಹಿಂದೆ ಹೆಣ್ಣಿನ 'ಬೇಡ'ವನ್ನು ಒಪ್ಪಿಗೆ ಎಂದುಕೊಂಡವನು ಕಥೆಯ ಕೋಡಂಗಿಯಾಗಿದ್ದ. ನಾನು ಓದಿದ ಕಾದಂಬರಿಯಲ್ಲಿ ಅಂಥವನೇ ನಾಯಕ! ಆಕೆ ಹೊರಟರೆ ಮುಂಗೈ ಹಿಡಿದು ನಿಲ್ಲಿಸುತ್ತಾನೆ, ಗದರುತ್ತಾನೆ, ಯಾರ ಜೊತೆ ಮಾತಾಡಿದೆ ಎಂದು ವಿಚಾರಣೆ ಮಾಡುತ್ತಾನೆ. ಇದೆಲ್ಲ ಅತಿಯಾದ ಪ್ರೀತಿಯಂತೆ. ನನಗೆ ಬೇಸರವಾದದ್ದು ಇಲ್ಲಿ. ಹದಿನಾರು ಹದಿನೇಳರ ಮಗಳು ಇಂಥ ಹತ್ತು ಪುಸ್ತಕ ಓದಿದರೆ, ಸಿಡುಕಿನ ಹಿಂದೆ ಪ್ರೀತಿಯೇ ಇರುತ್ತದೆ, ಸಹಿಸಿಕೊಂಡರೆ ಒಂದು ದಿನ ಹೊರಬರುತ್ತದೆ ಎಂದುಕೊಳ್ಳುವುದಿಲ್ಲವೇ? ಹಾಗೆಂದು ಆಕೆಯ ಕೈಯಿಂದ ಪುಸ್ತಕ ಕಸಿಯಬೇಡಿ. ಕಸಿದರೆ ಹಾಸಿಗೆಯ ಕೆಳಗೆ ಸೇರುತ್ತದೆ, ಅಷ್ಟೇ. ನೀವೂ ಓದಿ. 'ಇವನು ನಮ್ಮ ಮನೆಗೆ ಕೇಳಿಕೊಂಡು ಬಂದಿದ್ದರೆ ನೀನು ಏನೆನ್ನುತ್ತಿದ್ದೆ?' ಎಂದು ಆಕೆಯನ್ನೇ ಕೇಳಿ.

ಇನ್ನೊಂದು ಮಾತು. ಆ ನಾಯಕಿಯ ಸಂಬಳದಲ್ಲೇ ತಾಯಿಯ ಔಷಧಿ, ತಮ್ಮನ ಶಾಲೆಯ ಫೀಸು ನಡೆಯುತ್ತಿತ್ತು. ಮದುವೆಯ ನಂತರ ಆಕೆ ಶಾಲೆಗೆ ಮರಳಿದಳೇ, ಔಷಧಿ ಯಾರು ತಂದರು? ಕೊನೆಯ ಅಧ್ಯಾಯದಲ್ಲಿ ಸೀರೆಯ ಬಣ್ಣದ ವರ್ಣನೆಯೇ ಅರ್ಧ ಪುಟವಿದೆ, ಈ ಬಗ್ಗೆ ಒಂದು ಸಾಲೂ ಇಲ್ಲ.